ಕೈಬಿಟ್ಟ ಸಂಗೀತದ ಪುನಾರಚನೆ: ಒಂದು ಪರಾಮರ್ಶೆ

ಕೃತಿಯೊಂದು ಪೂರ್ಣಾವಸ್ಥೆಗೆ ಬರುವ ಮೊದಲು ಕರ್ತೃಗಳು ಕೈಬಿಟ್ಟ ಪಾಠಗಳನ್ನು ಅರಸಿ ತೆಗೆದು, ಅವುಗಳ ಆದ್ಯರೂಪವನ್ನು ಊಹಿಸಿ ನಿಲ್ಲಿಸುವ ಶ್ರಮಕ್ಕೆ ಸಾಹಿತ್ಯಕ್ಷೇತ್ರದಲ್ಲಿ ಬಹುಕಾಲದಿಂದ ಗೌರವ ಸಂದಿದೆ. ಅದೇ ಶ್ರಮವು ವಿಡಿಯೋ ಗೇಮುಗಳ ಸಂಗೀತದಲ್ಲಿ, ವೇತನವನ್ನಾಗಲಿ ಪದವಿಯನ್ನಾಗಲಿ ಬಯಸದ ಅಭಿಮಾನಿಗಳ ಕೈಯಲ್ಲಿ, ಒಂದು ಸಂಪ್ರದಾಯವಾಗಿಯೇ ಬೆಳೆದುನಿಂತಿದೆ. ಇದರ ಗುಣದೋಷಗಳನ್ನು ತೂಗಿನೋಡಲು ಸೇಗಾ ಸಂಸ್ಥೆಯ ‘ಸೋನಿಕ್ ದಿ ಹೆಡ್ಜ್‌ಹಾಗ್ 3’ ತಕ್ಕ ನಿದರ್ಶನ. ಏಕೆಂದರೆ ಇಲ್ಲಿ ಅಭಿಮಾನಿಗಳ ಊಹೆಗಳು ಮೊದಲು ಹುಟ್ಟಿ, ಅವನ್ನು ಒರೆಗೆ ಹಚ್ಚಬಲ್ಲ ಮೂಲವು ಅನಂತರ ಬೆಳಕಿಗೆ ಬಂದಿತು.

1994ರ ಫೆಬ್ರುವರಿಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಆ ಆಟದ ಸಂಗೀತವು ಏಕಕರ್ತೃಕವಲ್ಲ. ಸೇಗಾದ ಸ್ವಂತ ಸಂಯೋಜಕರೊಡನೆ ಮೈಕಲ್ ಜಾಕ್ಸನ್ನರ ಸಹವರ್ತಿಗಳಾದ ಬ್ರಾಡ್ ಬಕ್ಸರ್ ಮೊದಲಾದವರೂ ಅದಕ್ಕಾಗಿ ದುಡಿದಿದ್ದರು. ಹಿಮಾವೃತವಾದ ‘ಐಸ್ ಕ್ಯಾಪ್’ ಘಟ್ಟದ ಪ್ರಸಿದ್ಧ ಸ್ವರಬಂಧಕ್ಕೆ, ಬಕ್ಸರ್ ಹಿಂದೊಮ್ಮೆ ಸದಸ್ಯರಾಗಿದ್ದ ಜೆಟ್‌ಜೋನ್ಸ್ ತಂಡದ ‘ಹಾರ್ಡ್ ಟೈಮ್ಸ್’ ಎಂಬ ಹಾಡೇ ಆಧಾರ. ಆದರೆ 1997ರಲ್ಲಿ ಅದೇ ಆಟವು ‘ಸೋನಿಕ್ ಅಂಡ್ ನಕಲ್ಸ್ ಕಲೆಕ್ಷನ್’ ಎಂಬ ಹೆಸರಿನಲ್ಲಿ ಕಂಪ್ಯೂಟರಿಗೆ ಬಂದಾಗ ಐಸ್ ಕ್ಯಾಪ್, ಕಾರ್ನಿವಲ್ ನೈಟ್, ಲಾಂಚ್ ಬೇಸ್ ಎಂಬ ಮೂರು ಘಟ್ಟಗಳಲ್ಲಿ ಕೇಳಿಬಂದದ್ದು ಬೇರೆಯೇ ಸಂಗೀತ. ಅದನ್ನು ಹಕ್ಕುಗಳ ತೊಡಕಿನಿಂದ ಪಾರಾಗಲು ಆಮೇಲೆ ಹೊಸೆದ ಬದಲಿಯೆಂದು ಬಹುಮಂದಿ ಎಣಿಸಿದರೂ, ಅದರ ಚೆಲುವಿಗೆ ಮನಸೋತ ಕೆಲವರು, ಈ ಸ್ವರಗಳು ಆಟದ ಮೂಲ ಯಂತ್ರವಾದ ಸೇಗಾದ ಮೆಗಾ ಡ್ರೈವಿನಲ್ಲಿ ನುಡಿದಿದ್ದರೆ ಹೇಗಿರುತ್ತಿತ್ತೆಂಬ ಕುತೂಹಲದಿಂದ ಅವನ್ನು ಆ ಯಂತ್ರದ ಧ್ವನಿಗೆ ಅಳವಡಿಸತೊಡಗಿದರು.

2019ರ ನವೆಂಬರಿನಲ್ಲಿ, ಆಟಗಳ ಅಪೂರ್ಣ ಪ್ರತಿಗಳನ್ನು ಸಂರಕ್ಷಿಸುವ ‘ಹಿಡನ್ ಪ್ಯಾಲೆಸ್’ ಬಳಗವು 1993ರ ನವೆಂಬರ್ 3ರ ದಿನಾಂಕವುಳ್ಳ ಪ್ರೋಟೋಟೈಪೊಂದನ್ನು ಸಾರ್ವಜನಿಕರ ಮುಂದಿಟ್ಟಿತು. ಬಿಡುಗಡೆಗೆ ಮೂರು ತಿಂಗಳ ಮುಂಚಿನ ಆ ಪ್ರತಿಯಲ್ಲಿ, ಬದಲಿಯೆಂದು ಭಾವಿಸಲ್ಪಟ್ಟಿದ್ದ ಅದೇ ಸಂಗೀತವು ಮೆಗಾ ಡ್ರೈವಿನ ಧ್ವನಿಯಲ್ಲೇ ನುಡಿಯಿತು. ಪೌರ್ವಾಪರ್ಯವೇ ತಲೆಕೆಳಗಾಯಿತು: ಕಂಪ್ಯೂಟರಿನದು ಆಮೇಲಿನ ಪ್ರಕ್ಷೇಪವಾಗಿರದೆ ಮೊದಲ ಪಾಠವಾಗಿತ್ತು, ಲೋಕವು ಮೂಲವೆಂದು ಪ್ರೀತಿಸಿದ್ದೇ ತರುವಾಯ ಬಂದದ್ದಾಗಿತ್ತು. ಅದುವರೆಗೆ ಕೇವಲ ಕಲ್ಪನಾವಿನೋದವೆನಿಸಿದ್ದ ಅಭಿಮಾನಿಗಳ ಕೆಲಸವು ಅಂದಿನಿಂದ ಪುನಾರಚನೆಯ ಪದವಿಗೇರಿತು. ಅದರೊಡನೆ ಪರೀಕ್ಷೆಗೂ ಒಳಗಾಯಿತು.

ಆ ಪರೀಕ್ಷೆಯ ಸ್ವರೂಪವನ್ನು ತಿಳಿಯಬೇಕಾದರೆ ವಾದ್ಯದ ಇತಿಮಿತಿಗಳನ್ನು ಅರಿಯಬೇಕು. ಮೆಗಾ ಡ್ರೈವಿನ ಯಮಾಹಾ ವೈಎಂ2612 ಚಿಪ್ಪಿನಲ್ಲಿರುವುದು ಆರು ಎಫ್‌ಎಂ ಚಾನೆಲ್‌ಗಳು ಮಾತ್ರ. ಪ್ರತಿಯೊಂದರಲ್ಲಿಯೂ ನಾಲ್ಕು ಆಪರೇಟರ್‌ಗಳು ಒಂದನ್ನೊಂದು ಮಿಡಿದು ನಾದದ ಬಣ್ಣವನ್ನು ಹುಟ್ಟಿಸುತ್ತವೆ. ಆರನೆಯದನ್ನು ತ್ಯಾಗಮಾಡಿದರೆ ಅಲ್ಲಿ ಧ್ವನಿಮುದ್ರಿತ ಡ್ರಮ್ಮುಗಳನ್ನು ನುಡಿಸಬಹುದು. ಇದಲ್ಲದೆ ಪಿಎಸ್‌ಜಿ ಎಂಬ ಇನ್ನೊಂದು ಚಿಪ್ಪಿನಿಂದ ಮೂರು ಸರಳ ಸ್ವರಗಳೂ ಒಂದು ಗದ್ದಲದ ಧ್ವನಿಯೂ ದೊರೆಯುತ್ತವೆ. ಕಂಪ್ಯೂಟರ್ ಆವೃತ್ತಿಯ ಸಂಗೀತವಿದ್ದ ಮಿಡಿ ಪದ್ಧತಿಯಲ್ಲಾದರೋ 16 ಚಾನೆಲ್‌ಗಳುಂಟು. ಆ ವಿಸ್ತಾರವನ್ನು ಈ ಇಕ್ಕಟ್ಟಿಗೆ ಇಳಿಸುವಾಗ ಯಾವ ಸ್ವರವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರತಿಯೊಂದು ನಿರ್ಧಾರವೂ ಒಂದು ವಿಮರ್ಶಾವಾಕ್ಯವೇ ಸರಿ. ಪ್ರತಿಧ್ವನಿ ಬೇಕೆಂದರೆ ಇನ್ನೊಂದು ಚಾನೆಲ್ಲನ್ನು ಅದಕ್ಕೇ ಮುಡಿಪಾಗಿಟ್ಟು, ಅದೇ ಸ್ವರಸಾಲನ್ನು ಕ್ಷಣಮಾತ್ರ ತಡವಾಗಿ, ತುಸು ಮೆಲ್ಲಗೆ ನುಡಿಸಬೇಕು. ಅಷ್ಟರಮಟ್ಟಿಗೆ ಬೇರೊಂದು ವಾದ್ಯ ಮೌನವಾಗಬೇಕು.

ಈ ನಿಯಮಗಳಿಗೆ ತಲೆಬಾಗಿದವರದು ಒಂದು ಪಂಥ. ಅವುಗಳ ನೆನಪನ್ನಷ್ಟೇ ಇಟ್ಟುಕೊಂಡು ಸ್ವಚ್ಛಂದವಾಗಿ ಅಲಂಕರಿಸಿದವರದು ಇನ್ನೊಂದು. ಇವೆರಡನ್ನು ಬೇರ್ಪಡಿಸಲು ಗಮನವಿಟ್ಟು ಕೇಳಿದರೆ ಸಾಕು. ಆ ಚಿಪ್ಪಿನಲ್ಲಿ ಒಂದು ಚಾನೆಲ್ಲು ಎಡಕ್ಕೆ, ಬಲಕ್ಕೆ ಅಥವಾ ಎರಡಕ್ಕೂ ಸಲ್ಲಬಹುದೇ ಹೊರತು ನಡುವಿನ ಯಾವ ಸ್ಥಾನಕ್ಕೂ ಸಲ್ಲದು; ಆದ್ದರಿಂದ ಸ್ವರವೊಂದು ಎಡದಿಂದ ಬಲಕ್ಕೆ ನಯವಾಗಿ ಜಾರಿದರೆ ಅದು ಆ ಯಂತ್ರದ್ದಲ್ಲ. ಡ್ರಮ್ಮಿನ ಮುದ್ರಿತಧ್ವನಿಗಳಾದರೂ ಈ ಆಟದಲ್ಲಿ ಒಮ್ಮೆಗೆ ಒಂದೇ. ಹೊಸ ಪೆಟ್ಟು ಬಿದ್ದೊಡನೆ ಹಿಂದಿನದು ತುಂಡಾಗುತ್ತದೆ. ಎರಡು ಪೆಟ್ಟುಗಳ ಅನುರಣನವು ಒಂದರ ಮೇಲೊಂದು ಹಬ್ಬುವ ಪುನಾರಚನೆ ಎಷ್ಟೇ ಮಧುರವಾಗಿದ್ದರೂ ಐತಿಹಾಸಿಕವಲ್ಲ. ಸ್ವಚ್ಛಂದಪಂಥದಲ್ಲಿ ಸೌಂದರ್ಯವಿಲ್ಲವೆಂದು ನಾನು ಹೇಳುವುದಿಲ್ಲ; ಆದರೆ ಆ ಸೌಂದರ್ಯವು ಪುನಾರಚಕನದಾಗಿರುತ್ತದೆ, ಆದ್ಯಕೃತಿಯದಲ್ಲ. ಸಂಯಮಪಂಥದ ಕೃತಿಗಳು ಎಷ್ಟೋ ಸ್ವರಗಳಲ್ಲಿ ತಪ್ಪಿದ್ದರೂ, ಅಂದಿನ ಸಂಯೋಜಕನಿಗಿದ್ದ ಇಕ್ಕಟ್ಟನ್ನು ತಾವೂ ಅನುಭವಿಸಿ, ಅವನ ಆಲೋಚನೆಯ ದಾರಿಯನ್ನೇ ನಮಗೆ ಕಾಣಿಸುತ್ತವೆ. ನನ್ನ ಮನ್ನಣೆ ಇವಕ್ಕೇ.

ಕರ್ತೃವಿನ ಅಧಿಕಾರವೂ ಈ ಶಿಸ್ತಿಗೆ ಬದಲಾಗಲಾರದೆಂಬುದು 2022ರ ಜೂನ್ ತಿಂಗಳಿನಲ್ಲಿ ಪ್ರಕಟವಾದ ‘ಸೋನಿಕ್ ಒರಿಜಿನ್ಸ್’ನಿಂದ ಸ್ಪಷ್ಟವಾಯಿತು. ಅದರಲ್ಲಿ, ಮೂಲ ಆಟದ ಸಂಯೋಜಕರಲ್ಲೊಬ್ಬರಾದ ಜುನ್ ಸೆನೋಉಎ ಅವರೇ ಆ ಆದ್ಯಸಂಗೀತವನ್ನು ಹೊಸದಾಗಿ ಅಳವಡಿಸಿಕೊಟ್ಟರು. ಪ್ರೋಟೋಟೈಪಿನ ಡ್ರಮ್ಮುಗಳಲ್ಲಿದ್ದ ಕಸುವು ಅಲ್ಲಿ ತೆಳುವಾಗಿದೆಯೆಂದೂ ವಾದ್ಯಗಳ ಬಣ್ಣ ಮಂಕಾಗಿದೆಯೆಂದೂ ಕೇಳುಗರು ಆಕ್ಷೇಪಿಸಿದರು. ನನ್ನ ಕಿವಿಗೂ ಆ ಆಕ್ಷೇಪ ನ್ಯಾಯವಾಗಿಯೇ ತೋರುತ್ತದೆ. ತನ್ನ ಕೃತಿಯನ್ನು ಮತ್ತೆ ಮಾಡುವ ಹಕ್ಕು ಕರ್ತೃವಿಗೆ ನಿಸ್ಸಂದೇಹವಾಗಿ ಉಂಟು. ಆದರೆ ಹಾಗೆ ಮಾಡಿದುದು ಇನ್ನೊಂದು ಕೃತಿಯಾಗುತ್ತದೆಯಲ್ಲದೆ ಹಳೆಯ ಪಾಠದ ಉದ್ಧಾರವಾಗುವುದಿಲ್ಲ.

ಈ ಸಂಪ್ರದಾಯದಲ್ಲಿ ನಾನು ಕಾಣುವ ನಿಜವಾದ ಕೊರತೆಯೊಂದೇ. ಊಹೆಯ ಅಂಶ ಯಾವುದು, ಆಧಾರವುಳ್ಳ ಅಂಶ ಯಾವುದು ಎಂಬ ವಿವೇಚನೆಯನ್ನು ಪುನಾರಚಕರು ಬಹುವೇಳೆ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಕೇಳುಗನ ಕೈಗೆ ಬರುವುದು ಸಿದ್ಧವಾದ ಸ್ವರಮಾಲೆ ಮಾತ್ರ. ಇದರಿಂದ ಒಬ್ಬರ ಊಹೆ ಇನ್ನೊಬ್ಬರ ಕೈಯಲ್ಲಿ ಪ್ರಮಾಣವಾಗಿಬಿಡುತ್ತದೆ. ಪ್ರತಿಯೊಂದು ಪುನಾರಚನೆಯ ಜೊತೆಗೂ, ಯಾವ ಸ್ವರ ಯಾವ ಪ್ರತಿಯಿಂದ ಬಂದಿತು, ಯಾವುದನ್ನು ತಾವೇ ತುಂಬಿದರು ಎಂಬ ಚಿಕ್ಕ ಟಿಪ್ಪಣಿಯನ್ನು ಅವರು ಸೇರಿಸಬೇಕು. ಕೇಳುಗರೂ ಮೊದಲು ಪ್ರೋಟೋಟೈಪನ್ನು ಕೇಳಿ, ಬಳಿಕ ಪುನಾರಚನೆಗೆ ಬರಬೇಕು. ಇಷ್ಟು ನಡೆದರೆ, ಅಭಿಮಾನದಿಂದ ಆರಂಭವಾದ ಈ ಕೆಲಸವನ್ನು ಪಾಂಡಿತ್ಯವೆಂದು ಕರೆಯಲು ಯಾರೂ ಹಿಂಜರಿಯಬೇಕಾಗಿಲ್ಲ.