ಸಂಗೀತವಿಮರ್ಶೆಯೂ ಧ್ವನಿಮುದ್ರಿಕೆಯ ಪಾಠವೂ

ಸಾಹಿತ್ಯವಿಮರ್ಶಕನ ಮುಂದೆ ಯಾವಾಗಲೂ ಒಂದು ಪಾಠವಿರುತ್ತದೆ. ಪಂಪನ ಪದ್ಯವೊಂದರ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಪುಟ ತಿರುವಿ, ಪಾಠಾಂತರಗಳನ್ನು ಹೋಲಿಸಿ ನೋಡಬಹುದು. ಸಂಗೀತವಿಮರ್ಶಕನಿಗೆ ಬಹುಕಾಲ ಈ ಸೌಕರ್ಯವಿರಲಿಲ್ಲ. ಕಛೇರಿ ಮುಗಿದೊಡನೆ ಅವನ ಆಧಾರವೂ ಮುಗಿಯುತ್ತಿತ್ತು. ಧ್ವನಿಮುದ್ರಣ ಬಂದ ಮೇಲೆ ಅವನಿಗೂ ಒಂದು ಪಾಠ ದೊರೆಯಿತು. ಈಗ ಅಂತರ್ಜಾಲದಲ್ಲಿ ಹರಿದುಬರುವ ಸ್ಟ್ರೀಮಿಂಗ್ ಪದ್ಧತಿಯು, ಸಂಗೀತವನ್ನು ಕಡತಗಳಾಗಿ ಕೈಯಂತ್ರದಲ್ಲಿ ಕೂಡಿಟ್ಟುಕೊಳ್ಳುವ ಪದ್ಧತಿಯನ್ನು ಬಹುಮಟ್ಟಿಗೆ ಹಿಂದಕ್ಕೆ ತಳ್ಳಿದೆ. ಸೌಕರ್ಯದ ದೃಷ್ಟಿಯಿಂದ ಇದನ್ನು ಕೊಂಡಾಡಿದವರು ಅನೇಕರು. ಪಾಠದ ದೃಷ್ಟಿಯಿಂದ ನೋಡಿದವರು ವಿರಳ. ನಾವು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಅದೊಂದೇ.

1902ರ ನವೆಂಬರಿನಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪೆನಿಗಾಗಿ ಹಾಡಿದರು. ಅವರ ತಟ್ಟೆಗಳ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಉದ್ಘೋಷಿಸುವುದು ಕೇಳಿಸುತ್ತದೆ. ಜರ್ಮನಿಯ ಹಾನೋವರಿನಲ್ಲಿ ತಟ್ಟೆಗಳನ್ನು ಅಚ್ಚುಹಾಕುವವರಿಗೆ ಗುರುತು ಸಿಗಲೆಂದು ಹೀಗೆ ಮಾಡುತ್ತಿದ್ದರೆಂದು ಹೇಳುತ್ತಾರೆ. ನಮಗಾದರೋ ಅದು ಓಲೆಯ ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆದಿಡುವ ಪುಷ್ಪಿಕೆಯಂತೆ ತೋರುತ್ತದೆ. ಹಾಡಿನ ಜೊತೆಯಲ್ಲಿಯೇ ಅದರ ಪರಿಚಯವೂ ಇದೆ; ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ.

ಸ್ಟ್ರೀಮಿಂಗಿನಲ್ಲಿ ಈ ಪುಷ್ಪಿಕೆಯೇ ಕಳೆದುಹೋಗುತ್ತಿದೆ. ಮಲ್ಲಿಕಾರ್ಜುನ ಮನಸೂರರು 78 ಸುತ್ತಿನ ತಟ್ಟೆಗಳ ಕಾಲದಿಂದ ಬಾಳಿನ ಕೊನೆಯ ವರ್ಷಗಳವರೆಗೂ ಹಾಡಿದವರು. ಒಂದೇ ರಾಗವನ್ನು ಅವರು ನಡುಹರೆಯದಲ್ಲಿ ಹೇಗೆ ಕಟ್ಟಿದರು, ಮುಪ್ಪಿನಲ್ಲಿ ಹೇಗೆ ಬಿಡಿಸಿದರು ಎಂಬುದು ಯಾವ ವಿದ್ಯಾರ್ಥಿಗಾದರೂ ಎದುರಾಗಬೇಕಾದ ಪ್ರಶ್ನೆ. ಇದಕ್ಕಾಗಿ ನಾವು ಒಂದು ಸೇವೆಯಲ್ಲಿ ಅವರ ಬಹಾದುರಿ ತೋಡಿಯನ್ನು ಅರಸಿದೆವು. ಗಾಯನ ದೊರೆಯಿತು, ಆದರೆ ಅದರ ಮುಂದೆ ಕೊಟ್ಟಿದ್ದ ವರ್ಷ ಅವರು ತೀರಿಕೊಂಡ 1992ಕ್ಕಿಂತ ಈಚಿನದು. ಅದು ಮರುಪ್ರಕಟಣೆಯ ವರ್ಷವೇ ಹೊರತು ಹಾಡಿದ ವರ್ಷವಲ್ಲವೆಂಬುದು ಸ್ಪಷ್ಟ. ತಬಲ, ಹಾರ್ಮೋನಿಯಂ ನುಡಿಸಿದವರ ಹೆಸರಿಲ್ಲ, ತಾಳದ ಉಲ್ಲೇಖವಿಲ್ಲ. ಕಾಲವನ್ನು ನಂಬಿ ಬೆಳವಣಿಗೆಯ ಮಾತನಾಡುವ ವಿಮರ್ಶಕನು ಇಂಥ ಆಧಾರದ ಮೇಲೆ ಏನನ್ನು ತಾನೆ ಸ್ಥಾಪಿಸಬಲ್ಲನು?

ಆ ಆಧಾರವಾದರೂ ಸ್ಥಿರವೇ ಎಂದರೆ, ಅದೂ ಅಲ್ಲ. ಎಚ್.ಎಂ.ವಿ.ಯ ಹಳೆಯ ಭಂಡಾರವನ್ನು ಹೊಂದಿರುವ ಸಾರೆಗಾಮ ಸಂಸ್ಥೆಯ ಮುದ್ರಿಕೆಗಳು ಒಪ್ಪಂದದ ವ್ಯಾಜ್ಯದಿಂದಾಗಿ 2019ರಲ್ಲಿ ಸ್ಪಾಟಿಫೈಯಿಂದ ತೆಗೆಯಲ್ಪಟ್ಟು, 2020ರಲ್ಲಿ ಹೊಸ ಒಪ್ಪಂದವಾದ ಮೇಲೆ ಮರಳಿದವು. ನಡುವಿನ ಅವಧಿಯಲ್ಲಿ ಆ ಸೇವೆಯನ್ನೇ ನೆಚ್ಚಿ ಪ್ರಬಂಧ ಬರೆಯುತ್ತಿದ್ದವನ ಪಾಡನ್ನು ಊಹಿಸಿಕೊಳ್ಳಬಹುದು. ಚಂದಾದಾರನು ಇಳಿಸಿಕೊಂಡ ಪ್ರತಿಯೂ ನಿಜಕ್ಕೂ ಅವನದಲ್ಲ; 30 ದಿನಗಳಿಗೊಮ್ಮೆಯಾದರೂ ಅಂತರ್ಜಾಲಕ್ಕೆ ಮರಳದಿದ್ದರೆ ಅದು ಮೂಕವಾಗುತ್ತದೆ. ಇನ್ನೊಂದು ಮಾತು: ಅಲ್ಲಿ 30 ಸೆಕೆಂಡು ಕೇಳಿದರೆ ಒಂದು ಶ್ರವಣವೆಂದು ಲೆಕ್ಕ. ಅಮೀರ್ ಖಾನರ ಅತಿವಿಲಂಬಿತ ಝೂಮ್ರಾದಲ್ಲಿ ಅಷ್ಟರೊಳಗೆ ಒಂದು ಆವರ್ತನವೂ ಮುಗಿದಿರುವುದಿಲ್ಲ! ಮೂರು ನಿಮಿಷದ ಚಿತ್ರಗೀತೆಗೂ ಅರ್ಧ ಗಂಟೆಯ ಖ್ಯಾಲಿಗೂ ಎಣಿಕೆ ಒಂದೇ.

ಹಾಗೆಂದು ಕೂಡಿಟ್ಟ ಕಡತವು ನಿರ್ದುಷ್ಟವೆಂದು ನಾವು ಹೇಳುವುದಿಲ್ಲ. 2001ರಲ್ಲಿ ಬಂದ ಐಪಾಡ್ ಸಾವಿರ ಹಾಡುಗಳನ್ನು ಜೇಬಿಗಿಳಿಸಿದ್ದು ಎಂಪಿ3 ಮುಂತಾದ ಸಂಕೋಚನ ವಿಧಾನಗಳ ಬಲದಿಂದ. ಕಿವಿ ಗಮನಿಸದೆಂದು ಭಾವಿಸಿದ ಧ್ವನ್ಯಂಶಗಳನ್ನು ಈ ವಿಧಾನವು ಬಿಟ್ಟುಬಿಡುತ್ತದೆ. ಸಂಕೋಚನ ಹೆಚ್ಚಾದಂತೆ ತಂಬೂರಿಯ ಸೂಕ್ಷ್ಮ ಅನುರಣನಕ್ಕೆ ಪೆಟ್ಟು ಬೀಳುವುದುಂಟು. ಯಂತ್ರ ಕೆಟ್ಟರೆ ಸಂಗ್ರಹವೂ ಹೋಯಿತು. ಆ ಐಪಾಡಿನ ತಯಾರಿಕೆಯೂ 2022ರಲ್ಲಿ ನಿಂತಿತು. ಆದರೂ ಕಡತದ ಮೇಲೆ ನಾವು ಬರೆಯಬಹುದು: ರಾಗ, ತಾಳ, ಸ್ಥಳ, ವರ್ಷಗಳನ್ನು ಗೊತ್ತಾದಂತೆ ತಿದ್ದಿ ಸೇರಿಸಬಹುದು, ಹತ್ತು ವರ್ಷ ಬಿಟ್ಟು ಅದೇ ಪಾಠಕ್ಕೆ ಮರಳಬಹುದು. ಪ್ರವಾಹದ ಮೇಲೆ ಬರೆಯಲು ಬಾರದು.

ಸ್ಟ್ರೀಮಿಂಗಿನಲ್ಲಿ ನಿರಾಶರಾದ ಮೇಲೆ ಅದೇ ತೋಡಿಯ ಇನ್ನೊಂದು ಪ್ರತಿ ನಮಗೆ ಮಿತ್ರರೊಬ್ಬರ ಸಂಗ್ರಹದಲ್ಲಿ ಸಿಕ್ಕಿತು. ಕಡತದ ಹೆಸರು ಬರಿಯ ‘ಟ್ರ್ಯಾಕ್ 3’; ಧ್ವನಿ ಮಸುಕು. ಆದರೆ ಯಾರೋ ಬಾನುಲಿಯಿಂದ ಟೇಪಿಗೆ ಹಿಡಿದುಕೊಂಡದ್ದರಿಂದ ಆರಂಭದಲ್ಲಿ ಉದ್ಘೋಷಕನ ಮಾತು ಉಳಿದಿದೆ. ಅವನು ರಾಗವನ್ನೂ ತಾಳವನ್ನೂ ಹೇಳಿ, ತಬಲದವರ ಹೆಸರನ್ನು ಎರಡು ಸಲ ಹೇಳುತ್ತಾನೆ.