ವಂತಿಗೆಯ ಬಾನುಲಿಯೂ ಶೋಕದ ಕೀರ್ತನೆಯೂ

ಕಲೆಗೆ ಆಶ್ರಯವೀಯುವವರು ಅದರ ಸ್ವರೂಪವನ್ನೂ ಒಂದು ಮಟ್ಟಿಗೆ ನಿರ್ಣಯಿಸುವರೆಂಬುದು ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ. ಆಸ್ಥಾನಕಾವ್ಯವನ್ನು ವಿವೇಚಿಸುವಾಗ ನಾವು ಈ ತತ್ತ್ವವನ್ನು ನೆನೆಯುತ್ತೇವೆ. ಆಶ್ರಯದಾತನು ಒಬ್ಬ ದೊರೆಯಾಗಿರದೆ ಸಹಸ್ರಾರು ಮಂದಿ ಕೇಳುಗರಾದಾಗ ಏನಾಗುವುದೆಂಬುದಕ್ಕೆ ಅಮೆರಿಕದ ಕ್ರೈಸ್ತ ಸಂಗೀತದ ಬಾನುಲಿ ನಿಲಯಗಳು ಒಳ್ಳೆಯ ನಿದರ್ಶನ.

ಮಿನ್ನೆಸೋಟ ಸಂಸ್ಥಾನದ ಕೆ.ಟಿ.ಐ.ಎಸ್. ನಿಲಯವನ್ನು ಮಿನಿಯಾಪೊಲಿಸಿನ ನಾರ್ತ್‌ವೆಸ್ಟರ್ನ್ ವಿದ್ಯಾಸಂಸ್ಥೆ 1949ರ ಫೆಬ್ರವರಿಯಲ್ಲಿ ಆರಂಭಿಸಿತು. ಮುಂದೆ ಜಗದ್ವಿಖ್ಯಾತರಾದ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಅವರು ಆಗ ಆ ಸಂಸ್ಥೆಯ ಅಧ್ಯಕ್ಷರು. ನಿಲಯದ ಎಫ್.ಎಂ. ವಾಹಿನಿ ಈಗ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳಿಗೂ ಸುತ್ತಣ ಪ್ರದೇಶಕ್ಕೂ ಆಧುನಿಕ ಕ್ರೈಸ್ತಗೀತೆಗಳನ್ನು ಕೇಳಿಸುತ್ತದೆ; ಕೇಳುಗರ ವಂತಿಗೆಯೇ ಅದರ ಮುಖ್ಯ ಆಧಾರ. ಅದೇ ವರ್ಷದ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಲ್ಯೂಯಿಸ್ ಹಿಲ್ ಅವರು ಕೆ.ಪಿ.ಎಫ್.ಎ. ಎಂಬ ನಿಲಯವನ್ನು ಇದೇ ಬಗೆಯ ಆಧಾರವನ್ನು ನೆಚ್ಚಿ ತೆರೆದರು. ಜಾಹೀರಾತಿನ ಹಂಗು ತಪ್ಪಿದರೆ ಜನಪ್ರಿಯವಲ್ಲದ ಮಾತಿಗೂ ಎಡೆ ದೊರೆಯುವುದೆಂಬುದು ಹಿಲ್ ಅವರ ನಂಬಿಕೆ.

ಈ ವ್ಯವಸ್ಥೆಯಲ್ಲಿ ಒಂದು ಘನತೆಯುಂಟು. ಕೊಡದವನಿಗೂ ಹಾಡು ಕೇಳಿಸುತ್ತದೆ. ಆದುದರಿಂದ ಕೊಡುವವನದು ಬೆಲೆಯಲ್ಲ, ಕಾಣಿಕೆ. ಆದರೆ ಹಂಗು ನಿಜವಾಗಿ ತಪ್ಪಿತೆ? ಕ್ರೈಸ್ತ ಸಂಗೀತದ ಬಾನುಲಿ ನಿಯೋಜಕರಲ್ಲಿ ‘ಬೆಕಿ’ ಎಂಬ ಕಲ್ಪಿತ ಶ್ರೋತೃವಿನ ಹೆಸರು ರೂಢಿಗೆ ಬಂದಿತು. ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುತ್ತ ಹಾಡು ಕೇಳುವ, ನಡುವಯಸ್ಸಿನ ತಾಯಿ ಈಕೆ. ಅವಳ ಮನಸ್ಸಿಗೆ ನೋವಾಗದಂತೆ ಹಾಡುಗಳನ್ನು ಆಯುವುದು ನಿಯಮವಾಯಿತು. ಪರಿಣಾಮವಾಗಿ ಇಂಥ ನಿಲಯಗಳ ಗೀತೆಗಳಲ್ಲಿ ದುಃಖವು ಬಹುಮಟ್ಟಿಗೆ ಮುಗಿದ ಕಥೆಯಾಗಿಯೇ ಬರುತ್ತದೆ. ಪಲ್ಲವಿ ಬರುವಷ್ಟರಲ್ಲಿ ಸಮಾಧಾನವು ಸಿದ್ಧವಾಗಿರುತ್ತದೆ.

ಬೈಬಲಿನ ಗೀತಸಂಗ್ರಹದ ರೀತಿ ಬೇರೆ. ಕನ್ನಡ ಅನುವಾದದಲ್ಲಿ ‘ಕೀರ್ತನೆಗಳು’ ಎಂಬ ಹೆಸರು ಪಡೆದ ಆ 150 ರಚನೆಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಪ್ರಲಾಪಗಳೆಂದು ವಿದ್ವಾಂಸರು ಎಣಿಸುತ್ತಾರೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲಿಯೇ ಕೊನೆಗೊಳ್ಳುತ್ತದೆ. ಸಾಂತ್ವನದ ಒಂದು ಚರಣವೂ ಅದಕ್ಕೆ ಅಂಟಿಕೊಂಡಿಲ್ಲ. ದಾಸರ ನಿಂದಾಸ್ತುತಿಯನ್ನು ಬಲ್ಲ ಕನ್ನಡಿಗನಿಗೆ ಇದು ವಿಚಿತ್ರವೆನಿಸದು. ದೇವರೊಡನೆ ಜಗಳವಾಡುವ ಸಲಿಗೆಯೂ ಭಕ್ತಿಯ ಒಂದು ಮುಖವೇ.

ರೋಗಿಯ ಹಾಸಿಗೆಯ ಬಳಿ ಹಾಡುವ ಬಾನುಲಿ ಉಲ್ಲಾಸವನ್ನೇ ಕೊಡಬೇಕಲ್ಲವೆ ಎಂದು ಆಕ್ಷೇಪಿಸಬಹುದು. ಇದರಲ್ಲಿ ತಥ್ಯವಿದೆ, ಬಳಲಿದವನಿಗೆ ನೆಮ್ಮದಿಯ ಹಾಡು ಅಲ್ಪವಸ್ತುವಲ್ಲ. ಆದರೆ ಮಗುವನ್ನು ಕಳೆದುಕೊಂಡ ತಾಯಿಯೂ ಅದೇ ಕಾರಿನಲ್ಲಿ ಅದೇ ಹಾಡನ್ನು ಕೇಳುತ್ತಿರಬಹುದು. ತನ್ನ ಅಳಲಿಗೆ ಅಲ್ಲಿ ಸ್ವರವೇ ಇಲ್ಲವೆಂದು ಕಂಡಾಗ, ಆ ಉಲ್ಲಾಸವು ಅವಳನ್ನು ಸಭೆಯಿಂದ ಹೊರಗೆ ನಿಲ್ಲಿಸಿದಂತಾಗುತ್ತದೆ.

ದೋಷವು ವಂತಿಗೆಯದಲ್ಲ, ಕೊಡುವವರ ಹೃದಯವನ್ನು ಕಿರಿದೆಂದು ಬಗೆದ ಎಣಿಕೆಯದು. ಕಾಣಿಕೆಯನ್ನು ಬೆಲೆಯೆಂದು ಭಾವಿಸದ ಕೇಳುಗನು ಪ್ರತಿಯೊಂದು ಹಾಡೂ ತನಗೆ ಹಿತವಾಗಿರಬೇಕೆಂದು ಕೇಳಲಾರನು. ಆ ವಿಶ್ವಾಸವನ್ನು ತಳೆದು 88ನೆಯ ಕೀರ್ತನೆಯ ಧಾಟಿಗೂ ಕಾಲಾವಕಾಶವನ್ನೀಯುವ ನಿಲಯವೇ ವಂತಿಗೆಯ ಸ್ವಾತಂತ್ರ್ಯವನ್ನು ಸಾರ್ಥಕಗೊಳಿಸಿತೆಂದು ನಾವು ಭಾವಿಸುತ್ತೇವೆ.