ಹಿರಿತನದ ಲಾಂಛನ: ಕೆನ್ಯಾದ ಅಧ್ಯಕ್ಷ ಪದವಿ

ವಸಾಹತು ಆಳ್ವಿಕೆಯಿಂದ ಬಿಡುಗಡೆ ಹೊಂದಿದ ದೇಶಗಳಲ್ಲಿ ಅಧ್ಯಕ್ಷ ಪದವಿ ಬೆಳೆದ ಬಗೆಯನ್ನು ಸಂವಿಧಾನದ ವಿಧಿಗಳಿಂದಷ್ಟೇ ಅರಿಯಲಾಗದು. ಅದು ಬಳಸಿಕೊಂಡ ಜನಪದ ಸಂಕೇತಗಳನ್ನೂ ಪರಿಶೀಲಿಸಬೇಕು. ಕೆನ್ಯಾ ಇದಕ್ಕೊಂದು ನಿದರ್ಶನ. 1963ರಲ್ಲಿ ಸ್ವತಂತ್ರವಾದ ಈ ದೇಶ ಮರುವರ್ಷ ಗಣರಾಜ್ಯವಾದಾಗ ಪ್ರಧಾನಿ ಜೋಮೊ ಕೆನ್ಯಾಟ ಅಧ್ಯಕ್ಷರಾದರು. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿಯವರ ಶಿಷ್ಯರಾಗಿದ್ದ ಅವರು 1938ರ ‘ಫೇಸಿಂಗ್ ಮೌಂಟ್ ಕೆನ್ಯಾ’ ಕೃತಿಯಲ್ಲಿ ಕಿಕುಯು ಜನರ ‘ಇಟ್ವಿಕಾ’ ಐತಿಹ್ಯವನ್ನು ವಿವರಿಸಿದ್ದರು. ನಿರಂಕುಶ ಅರಸನನ್ನು ಕೆಳಗಿಳಿಸಿದ ಜನರು ಅಧಿಕಾರವು ತಲೆಮಾರಿನಿಂದ ತಲೆಮಾರಿಗೆ ಸರದಿಯಂತೆ ಸಾಗಬೇಕೆಂದು ಕಟ್ಟಳೆ ಮಾಡಿಕೊಂಡದ್ದೇ ಅದರ ತಿರುಳು.

ಅಧ್ಯಕ್ಷರಾದ ಮೇಲೆ ಅವರು ಈ ಪರಂಪರೆಯಿಂದ ಎತ್ತಿಕೊಂಡದ್ದು ಹಿರಿತನದ ಲಾಂಛನಗಳನ್ನು: ಸ್ವಾಹಿಲಿಯಲ್ಲಿ ಹಿರಿಯನೆಂಬ ಅರ್ಥದ ‘ಮ್ಜೀ’ ಎಂಬ ಗೌರವನಾಮ, ಕೈಯಲ್ಲಿ ಚಾಮರ. ಸರದಿಯ ಕಟ್ಟಳೆ ಮಾತ್ರ ಗ್ರಂಥದಲ್ಲೇ ಉಳಿಯಿತು. 1969ರಲ್ಲಿ ವಿರೋಧ ಪಕ್ಷ ನಿಷೇಧಕ್ಕೊಳಗಾಯಿತು. 1978ರಲ್ಲಿ ನಿಧನರಾಗುವವರೆಗೂ ಅವರೇ ಅಧ್ಯಕ್ಷರು. ಉತ್ತರಾಧಿಕಾರಿ ಡೇನಿಯಲ್ ಅರಪ್ ಮೋಯ್ ‘ನ್ಯಾಯೊ’, ಎಂದರೆ ಹೆಜ್ಜೆಗುರುತು, ಎಂಬ ಘೋಷಣೆಯನ್ನು ಮುಂದಿಟ್ಟರು. ಅವರ ಕಾಲದಲ್ಲಿ, 1982ರಲ್ಲಿ, ಏಕಪಕ್ಷ ಪದ್ಧತಿ ಸಂವಿಧಾನವನ್ನೇ ಸೇರಿತು. 1991ರಲ್ಲಿ ಆ ವಿಧಿ ರದ್ದಾಯಿತು. 2010ರ ಸಂವಿಧಾನವು 47 ಕೌಂಟಿಗಳಿಗೆ ಅಧಿಕಾರವನ್ನು ಹಂಚಿತು.

ಹಿರಿಯರ ಕೂಟಕ್ಕೆ ಸಲ್ಲುತ್ತಿದ್ದ ಮನ್ನಣೆ ಒಬ್ಬ ವ್ಯಕ್ತಿಯಲ್ಲಿ ನೆಲೆಗೊಂಡಾಗ ಸಂಪ್ರದಾಯವು ಅಧಿಕಾರಕ್ಕೆ ಕಡಿವಾಣವಾಗದೆ ಅಲಂಕಾರವಾಗುತ್ತದೆ. ಆದ್ದರಿಂದ ಇಂಥ ಆಡಳಿತದ ಅಧ್ಯಯನದಲ್ಲಿ ಉಳಿಸಿಕೊಂಡ ಸಂಕೇತಗಳಷ್ಟೇ ಕೈಬಿಟ್ಟ ಕಟ್ಟಳೆಗಳೂ ಮುಖ್ಯವೆನಿಸುತ್ತವೆ.